ಉಕ್ರೇನಿನ ತಂದೆ-ತಾಯಂದಿರ ಬರ್ನ್‌ಔಟ್ ಅಳೆಯುವಾಗ 92ರ ಗೆರೆ ನಂಬಬಹುದೇ?

ಪ್ರಶ್ನೆ (ಪಿಎಚ್‌ಡಿ ವಿದ್ಯಾರ್ಥಿನಿ, ಪೋಲೆಂಡ್): ನಮಸ್ಕಾರ. ಪೋಲೆಂಡಿಗೆ ಬಂದಿರುವ ಉಕ್ರೇನಿನ ತಾಯಂದಿರು ಒಂದು ಗುಂಪು, ಉಕ್ರೇನಿನಲ್ಲೇ ಉಳಿದಿರುವ ತಂದೆ-ತಾಯಂದಿರು ಇನ್ನೊಂದು ಗುಂಪು. ಇಬ್ಬರಲ್ಲೂ ಪೇರೆಂಟಲ್ ಬರ್ನ್‌ಔಟ್ (ಮಕ್ಕಳನ್ನು ನೋಡಿಕೊಳ್ಳುವ ಪಾತ್ರದಲ್ಲೇ ಪೂರ್ತಿ ದಣಿದುಹೋಗುವುದು) ಅಳೆಯಬೇಕು. ಅದಕ್ಕೆಂದೇ ಇರುವ ಪಿಬಿಎ (ಪೇರೆಂಟಲ್ ಬರ್ನ್‌ಔಟ್ ಅಸೆಸ್‌ಮೆಂಟ್) ಪ್ರಶ್ನಾವಳಿ ಬಳಸುವುದೆಂದು ತೀರ್ಮಾನವಾಗಿದೆ. ಅದರಲ್ಲಿ 92 ಅಂಕ ದಾಟಿದವರನ್ನೆಲ್ಲ ಬರ್ನ್‌ಔಟ್ ಎಂದು ಎಣಿಸಿ ಶೇಕಡಾವಾರು ಕೊಡಿ ಎನ್ನುತ್ತಾರೆ ಗೈಡ್. ಯುದ್ಧದ ನಡುವೆ ಇದು ನಿಲ್ಲುತ್ತದೆಯೇ? ದಣಿವು ಮಕ್ಕಳನ್ನು ನೋಡಿಕೊಳ್ಳುವುದರಿಂದ ಬಂದದ್ದೋ, ರಾತ್ರಿಯ ಸೈರನ್‌ನಿಂದ ಬಂದದ್ದೋ ಬೇರೆ ಮಾಡುವುದು ಹೇಗೆ?

ಉತ್ತರ (ಸೈಕೋಮೆಟ್ರಿಕ್ಸ್, ಅಂದರೆ ಮಾನಸಿಕ ಅಳತೆಗಳ ಶಾಸ್ತ್ರದ ಅಧ್ಯಾಪಕಿ): ಶೇಕಡಾವಾರನ್ನು ವರದಿಯ ಮುಖ್ಯ ಅಂಕಿಯಾಗಿ ಇಡಬೇಡಿ. ಪಿಬಿಎಯಲ್ಲಿ 23 ಹೇಳಿಕೆಗಳಿವೆ. ಪ್ರತಿಯೊಂದಕ್ಕೂ 0 (ಎಂದೂ ಇಲ್ಲ) ರಿಂದ 6 (ಪ್ರತಿದಿನ) ವರೆಗೆ ಅಂಕ, ಒಟ್ಟು ಗರಿಷ್ಠ 138. ಒಳಗೆ ನಾಲ್ಕು ಭಾಗ: ಪಾಲನೆಯ ಪಾತ್ರದಲ್ಲಿ ದಣಿವು 9 ಹೇಳಿಕೆ, ‘ಮೊದಲಿನ ತಾಯಿ/ತಂದೆಯಾಗಿ ಉಳಿದಿಲ್ಲ’ ಎಂಬ ಅಂತರ 6, ಸಾಕಾಗಿಹೋಗಿದೆ ಎಂಬ ಭಾವ 5, ಮಕ್ಕಳಿಂದ ಭಾವನಾತ್ಮಕವಾಗಿ ದೂರ ಸರಿಯುವುದು 3. 2018ರಲ್ಲಿ ಬೆಲ್ಜಿಯಂನ ಇಸಬೆಲ್ ರಾಸ್ಕಮ್ ಮತ್ತು ಮೊಯ್ರಾ ಮಿಕೊಲಾಯ್ಚಾಕ್ ಅವರ ತಂಡ ಇದನ್ನು ಪ್ರಕಟಿಸಿತು. 92 ಎಂಬುದು ಮೊದಲು ಬಳಕೆಗೆ ಬಂದ ಗೆರೆ. ಅದೇ ತಂಡ 2023ರಲ್ಲಿ ಹಲವು ಸೂಚಕಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ ಗೆರೆ 86.3ಕ್ಕೆ ಇಳಿಯಿತು. ಎರಡೂ ಶಾಂತಿಕಾಲದ ಪೋಷಕರಿಂದ ಬಂದವು. ದಿನವೂ ನೆಲಮಾಳಿಗೆಗೆ ಇಳಿದು ಹತ್ತುವ ಕುಟುಂಬಗಳ ಮೇಲೆ ಒರೆಗೆ ಹಚ್ಚಿ ಎಳೆದ ಗೆರೆಗಳಲ್ಲ ಅವು. ಹಾಗಾಗಿ ನಾಲ್ಕು ಭಾಗಗಳ ಸರಾಸರಿ ಮತ್ತು ಹರಡುವಿಕೆಯನ್ನು ಬೇರೆಬೇರೆಯಾಗಿ ಕೊಡಿ. ಗೆರೆ ದಾಟಿದವರ ಪ್ರಮಾಣ ಕೊಡಲೇಬೇಕಾದರೆ 86 ಮತ್ತು 92 ಎರಡರಲ್ಲೂ ಕೊಟ್ಟು, ಸ್ಥಳೀಯವಾಗಿ ಪರೀಕ್ಷಿಸಿದ ಗೆರೆಯಲ್ಲ ಎಂದು ಅಲ್ಲೇ ಬರೆಯಿರಿ.

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ನಿಮ್ಮ ಎರಡನೇ ಪ್ರಶ್ನೆಯೇ ಮುಖ್ಯವಾದದ್ದು. ಬರ್ನ್‌ಔಟ್ ಒಂದು ಪಾತ್ರಕ್ಕೆ ಅಂಟಿಕೊಂಡಿರುತ್ತದೆ, ಖಿನ್ನತೆ ಎಲ್ಲ ಕಡೆಗೂ ಹರಡುತ್ತದೆ. ಪಿಬಿಎ ಜೊತೆಗೆ ಪಿಎಚ್‌ಕ್ಯೂ-9 (ಖಿನ್ನತೆಯ ಪ್ರಶ್ನಾವಳಿ) ಮತ್ತು ಪಿಸಿಎಲ್-5 (ಆಘಾತದ ನಂತರದ ಒತ್ತಡದ ಪ್ರಶ್ನಾವಳಿ) ಕೊಡಿ. ಮೊದಲನೆಯದು ಹಿಂದಿನ 2 ವಾರದ್ದು, ಎರಡನೆಯದು ಹಿಂದಿನ 1 ತಿಂಗಳದ್ದು, 20 ಪ್ರಶ್ನೆ, 80 ಅಂಕ, 31ರಿಂದ 33ರ ಸುತ್ತ ತಾತ್ಕಾಲಿಕ ಗೆರೆ. ಪಿಎಚ್‌ಕ್ಯೂ-9ರ ನಿದ್ದೆ ಮತ್ತು ಸುಸ್ತಿನ ಪ್ರಶ್ನೆಗಳು ಪಿಬಿಎಯ ದಣಿವಿನ ಭಾಗದ ಜೊತೆ ತಾನಾಗಿಯೇ ಬೆರೆಯುತ್ತವೆ, ಆದ್ದರಿಂದ ಆ ಎರಡನ್ನು ಬಿಟ್ಟೂ ಒಮ್ಮೆ ಲೆಕ್ಕ ಮಾಡಿ ನೋಡಿ.

ಇವುಗಳ ಮೇಲೆ ನಿಮ್ಮದೇ ಎರಡು-ಮೂರು ಪ್ರಶ್ನೆ ಬೇಕೇ ಬೇಕು. ಕಳೆದ 7 ರಾತ್ರಿಗಳಲ್ಲಿ ಎಷ್ಟು ರಾತ್ರಿ ದಾಳಿಯ ಸೈರನ್‌ನಿಂದ ನಿದ್ದೆ ಮುರಿಯಿತು? ದಿನಕ್ಕೆ ಎಷ್ಟು ಗಂಟೆ ಬೇರೆ ಯಾವ ದೊಡ್ಡವರ ನೆರವೂ ಇಲ್ಲದೆ ಮಗುವಿನ ಜೊತೆ ಇರುತ್ತೀರಿ? ಮಗುವಿನ ಶಾಲೆ ನೇರವೋ, ಆನ್‌ಲೈನೋ, ಮಿಶ್ರವೋ? ಮಕ್ಕಳ ಸಂಖ್ಯೆಗಿಂತ ಈ ಮೂರನೆಯದು ಹೆಚ್ಚು ಹೇಳುತ್ತದೆ. ಉಕ್ರೇನಿನಲ್ಲಿ ಆಶ್ರಯತಾಣದಲ್ಲಿ ಎಷ್ಟು ಮಕ್ಕಳು ಹಿಡಿಸುತ್ತಾರೋ ಅಷ್ಟೇ ಮಕ್ಕಳನ್ನು ಒಮ್ಮೆಗೆ ಶಾಲೆಗೆ ಕರೆಯಬಹುದು, ಹಾಗಾಗಿ ಪಾಳಿ. ಖಾರ್ಕಿವ್‌ನಲ್ಲಿ 2023ರಿಂದ ಮೆಟ್ರೊ ನಿಲ್ದಾಣಗಳೊಳಗೇ ತರಗತಿ ನಡೆಸಿದರು, ಆದರೂ ಬಹಳ ಮಕ್ಕಳು ಮನೆಯಲ್ಲಿ ಪರದೆಯ ಮುಂದೆಯೇ ಉಳಿದರು. ಪಕ್ಕದಲ್ಲಿ ಕೂರುವುದು ಅಮ್ಮ.

ಮರುಪ್ರಶ್ನೆ (ಅದೇ ವಿದ್ಯಾರ್ಥಿನಿ): ‘ಮಗು ಬಳಿ ಇಲ್ಲದಿದ್ದಾಗ ಹಗುರ ಎನಿಸುತ್ತದೆಯೇ’ ಎಂದು ಕೇಳಿದರೆ ಪಾತ್ರದ ದಣಿವು ಗೊತ್ತಾಗುವುದಿಲ್ಲವೇ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ಶಾಂತಿಕಾಲದಲ್ಲಿ ಒಳ್ಳೆಯ ಪ್ರಶ್ನೆ. ಯುದ್ಧದ ನಡುವೆ ಮಾತ್ರ ಅದು ತಿರುಗುಬಾಣ. ಮಗು ಕಣ್ಣಿಗೆ ಕಾಣದಿದ್ದರೆ ಹಗುರವಾಗುವ ಬದಲು ಎದೆ ಹೊಡೆದುಕೊಳ್ಳುತ್ತದೆ, ಬರ್ನ್‌ಔಟ್ ತೀವ್ರವಾಗಿದ್ದವರಿಗೂ. ‘ಮಗು ನಿಮಗೆ ಪೂರ್ತಿ ನಂಬಿಕೆಯಿರುವ ಸುರಕ್ಷಿತ ಜಾಗದಲ್ಲಿ ಎರಡು ದಿನ ಇದ್ದರೆ’ ಎಂಬ ಷರತ್ತು ಸೇರಿಸಿ ಕೇಳಿ. ಪೋಲೆಂಡಿನ ಗುಂಪಿನಲ್ಲಿ ಬಹಳ ಮಂದಿ ‘ಅಂಥ ಜಾಗವೇ ಇಲ್ಲ’ ಎನ್ನಬಹುದು. ಅಜ್ಜಿ ಊರಲ್ಲೇ ಉಳಿದಿರುತ್ತಾರೆ, 18ರಿಂದ 60ರ ಗಂಡಸರಿಗೆ 2022ರ ಫೆಬ್ರವರಿಯಲ್ಲಿ ದೇಶ ಬಿಡಲು ನಿರ್ಬಂಧ ಬಂತು (ಮೂರು ಅಥವಾ ಹೆಚ್ಚು ಮಕ್ಕಳ ತಂದೆಯಂಥವರಿಗೆ ವಿನಾಯಿತಿ; 2025ರಲ್ಲಿ 22ರವರೆಗಿನವರಿಗೂ ಸಡಿಲವಾಯಿತು). ಆ ಉತ್ತರಕ್ಕೂ ಒಂದು ಖಾನೆ ಇಡಿ. ಸಂಪನ್ಮೂಲದ ಕೊರತೆ ಅಳೆಯಲು ಬಿಆರ್2 (ಪಾಲನೆಯ ಒತ್ತಡ ಮತ್ತು ಆಸರೆಗಳನ್ನು ತೂಗುವ ಪ್ರಶ್ನಾವಳಿ) ಸೇರಿಸಬಹುದು: 39 ಪ್ರಶ್ನೆ, -5ರಿಂದ +5. ಮೊತ್ತ ಋಣವಾದರೆ ಒತ್ತಡ ಹೆಚ್ಚು, ಆಸರೆ ಕಡಿಮೆ ಎಂದರ್ಥ.

‘ಮೊದಲಿನ ತಾಯಿಯಾಗಿ ಉಳಿದಿಲ್ಲ’ ಭಾಗದ ಬಗ್ಗೆ ತುಂಬ ಎಚ್ಚರ ಬೇಕು. ಬಾಂಬು ಬೀಳುವ ಊರಿನಲ್ಲಿ ಯಾವ ತಾಯಿಯೂ 2021ರ ತಾಯಿಯಲ್ಲ. ಈ ಭಾಗದಲ್ಲಿ ಅಂಕ ಹೆಚ್ಚಿದ್ದು ‘ಸಾಕಾಗಿದೆ’ ಮತ್ತು ‘ದೂರ’ ಕಡಿಮೆಯಿದ್ದರೆ ಅದನ್ನು ಬರ್ನ್‌ಔಟ್ ಎನ್ನಲು ನಾನು ಒಪ್ಪುವುದಿಲ್ಲ. ಅದು ಕಳೆದುಕೊಂಡ ಬದುಕಿನ ದುಃಖವೂ ಆಗಿರಬಹುದು.

ಉತ್ತರ (ಸೈಕೋಮೆಟ್ರಿಕ್ಸ್ ಅಧ್ಯಾಪಕಿ): ಅನುವಾದದ ವಿಷಯ. ನೀವೇ ಹೊಸದಾಗಿ ಮಾಡುವ ಮೊದಲು ಮೂಲ ಲೇಖಕರಿಗೆ ಬರೆದು ಉಕ್ರೇನಿಯನ್ ಆವೃತ್ತಿ ಕೇಳಿ. ಮಾಡಲೇಬೇಕಾದರೆ ಇಬ್ಬರಿಂದ ಪ್ರತ್ಯೇಕ ಅನುವಾದ, ಮೂಲ ನೋಡಿರದ ಮೂರನೆಯವರಿಂದ ಮರು ಅನುವಾದ, ಆಮೇಲೆ 8-10 ಪೋಷಕರ ಜೊತೆ ಕೂತು ಪ್ರತಿ ಹೇಳಿಕೆಯನ್ನು ಜೋರಾಗಿ ಓದಿಸಿ ಏನು ಅರ್ಥವಾಯಿತು ಎಂದು ಕೇಳುವುದು. ಉಕ್ರೇನಿಯನ್‌ನ ಭೂತಕಾಲದ ಕ್ರಿಯಾಪದ ಹೇಳುವವರ ಲಿಂಗ ತೋರಿಸುತ್ತದೆ. ಅಂತರದ ಭಾಗವೆಲ್ಲ ‘ಮೊದಲು ಹೀಗಿದ್ದೆ’ ಎಂಬ ಧಾಟಿಯದು, ಹಾಗಾಗಿ ತಾಯಂದಿರಿಗೊಂದು, ತಂದೆಯರಿಗೊಂದು ಫಾರಂ ಮಾಡಿ. ಓರೆಗೆರೆ ಹಾಕಿ ಎರಡೂ ರೂಪ ತುರುಕಿದರೆ ಫೋನಿನ ಪರದೆಯಲ್ಲಿ ಓದುವವರು ದಾರಿ ತಪ್ಪುತ್ತಾರೆ. ರಷ್ಯನ್ ಆವೃತ್ತಿ ಇಡುವುದಾದರೆ ಅದು ಆಯ್ಕೆಯಾಗಿರಲಿ, ಮೊದಲ ಪುಟ ಉಕ್ರೇನಿಯನ್‌ನಲ್ಲೇ ತೆರೆಯಲಿ. ಯಾರು ಯಾವುದರಲ್ಲಿ ತುಂಬಿದರು ಎಂದು ದಾಖಲಿಸಿ.

‘ಕಳೆದ 30 ದಿನಗಳಲ್ಲಿ’ ಎಂದು ಮೇಲೆ ಸೇರಿಸಬೇಡಿ. ಉತ್ತರದ ಆಯ್ಕೆಗಳಲ್ಲಿ ‘ವರ್ಷಕ್ಕೆ ಕೆಲವು ಸಲ’ ಎಂಬುದಿದೆ, ಎರಡೂ ಒಟ್ಟಿಗೆ ಕೂರುವುದಿಲ್ಲ.

ಮರುಪ್ರಶ್ನೆ (ಇನ್ನೊಬ್ಬ ಸದಸ್ಯರು): ಮೇಡಂ, ತಂದೆಯರ ಗುಂಪು ಸೇರಿಸಿ ಇನ್ವೇರಿಯನ್ಸ್ (ಪ್ರಶ್ನಾವಳಿ ಎಲ್ಲ ಗುಂಪಿನಲ್ಲೂ ಒಂದೇ ರೀತಿ ಅಳೆಯುತ್ತದೆಯೇ ಎಂದು) ನೋಡುವಾಗ ಡಬ್ಲ್ಯುಎಲ್‌ಎಸ್‌ಎಂವಿ (ಉತ್ತರಗಳನ್ನು ಹಂತಗಳಾಗಿ ಎಣಿಸುವ ಲೆಕ್ಕದ ವಿಧಾನ) ನಿಂತುಹೋಗುತ್ತದೆ. ‘ದೂರ’ ಭಾಗದಲ್ಲಿ ಬಹುತೇಕ ಎಲ್ಲರದೂ 0 ಅಥವಾ 1. ಏನು ಮಾಡುವುದು?

ಉತ್ತರ (ಸೈಕೋಮೆಟ್ರಿಕ್ಸ್ ಅಧ್ಯಾಪಕಿ): ಒಂದು ಗುಂಪಿನಲ್ಲಿ ಯಾರೂ 5, 6 ಗುರುತು ಮಾಡಿಲ್ಲ, ಆ ವರ್ಗ ಖಾಲಿ, ಅದಕ್ಕೇ ನಿಲ್ಲುತ್ತದೆ. 4, 5, 6ನ್ನು ಎರಡೂ ಗುಂಪಿನಲ್ಲಿ ಒಂದಾಗಿಸಿ, ಅಥವಾ 7 ಹಂತ ಇರುವುದರಿಂದ ಅಂಕಗಳನ್ನು ನಿರಂತರವೆಂದು ಎಣಿಸುವ ಎಂಎಲ್‌ಆರ್ ವಿಧಾನಕ್ಕೆ ಹೋಗಿ. ಎರಡರಲ್ಲೂ ಮಾಡಿ ಹೋಲಿಸಿದರೆ ಇನ್ನೂ ಒಳ್ಳೆಯದು. ಮೂರೇ ಹೇಳಿಕೆಯ ಭಾಗ, ಅಂಕವೂ ತಳದಲ್ಲಿ, ಆಲ್ಫಾ (ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ) ಕಡಿಮೆ ಬರುವುದು ಸಹಜ, ಅದೇ ಬಗೆಯ ಇನ್ನೊಂದು ಅಳತೆಯಾದ ಒಮೆಗಾ ಕೊಡಿ. ಗುಂಪುಗಳನ್ನು ಹೋಲಿಸುವ ಮೊದಲು ಕಾನ್ಫಿಗರಲ್ (ಭಾಗಗಳ ರಚನೆ ಒಂದೇ), ಮೆಟ್ರಿಕ್ (ಹೇಳಿಕೆಗಳ ತೂಕ ಒಂದೇ), ಸ್ಕೇಲಾರ್ (ಹೇಳಿಕೆಗಳ ಆರಂಭದ ಮಟ್ಟವೂ ಒಂದೇ) ಮೂರೂ ಹಂತ ದಾಟಬೇಕು, ಪ್ರತಿ ಹಂತದಲ್ಲಿ ಸಿಎಫ್‌ಐ (ಮಾದರಿ ಉತ್ತರಗಳಿಗೆ ಎಷ್ಟು ಹೊಂದುತ್ತದೆ ಎಂಬ ಅಂಕಿ) 0.01ಕ್ಕಿಂತ ಹೆಚ್ಚು ಕುಸಿಯಬಾರದು. ಸ್ಕೇಲಾರ್ ದಾಟದಿದ್ದರೆ ‘ತಾಯಂದಿರಲ್ಲಿ ಬರ್ನ್‌ಔಟ್ ಹೆಚ್ಚು’ ಎಂಬ ವಾಕ್ಯ ಬರೆಯುವ ಹಕ್ಕು ನಮಗಿಲ್ಲ. ಪ್ರತಿ ಗುಂಪಿನಲ್ಲೂ 300 ಇದ್ದರೆ ಉಸಿರಾಡಬಹುದು.

ಮರುಪರೀಕ್ಷೆ 2-3 ವಾರದ ಅಂತರದಲ್ಲಿ ಮಾಡುವಾಗ ನಡುವೆ ದೊಡ್ಡ ದಾಳಿಯೋ ದೀರ್ಘ ವಿದ್ಯುತ್ ಕಡಿತವೋ ಆಯಿತೇ ಎಂದು ಕೇಳಲೇಬೇಕು. ಇಲ್ಲದಿದ್ದರೆ ಬದಲಾದ ಬದುಕನ್ನು ಅಳತೆಗೋಲಿನ ದೋಷವೆಂದು ಓದುತ್ತೀರಿ.

ಮರುಪ್ರಶ್ನೆ: 23 ಉದ್ದವಾಯಿತು, 5 ಪ್ರಶ್ನೆಯ ಚಿಕ್ಕ ಆವೃತ್ತಿ ಸಾಕೇ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ಸಹಾಯ ಕೇಂದ್ರದಲ್ಲಿ ಯಾರ ಜೊತೆ ಇನ್ನಷ್ಟು ಮಾತಾಡಬೇಕೆಂದು ಗುರುತಿಸಲು ಸಾಕು. ನಾಲ್ಕು ಭಾಗ ಬಿಡಿಸಿ ನೋಡಲು ಸಾಲದು, ನಿಮ್ಮ ಅಧ್ಯಯನಕ್ಕೆ ಅದೇ ಬೇಕಾದದ್ದು.

ಫಾರಂ ಅಲ್ಲಿ ಪೋಷಕರ ವೈಬರ್ ತರಗತಿ ಗುಂಪುಗಳಲ್ಲಿ ಓಡಾಡುತ್ತದೆ. ಕರೆಂಟ್ ಹೋಗಿ ನೆಟ್‌ವರ್ಕ್ ನಿಂತರೆ ಅರ್ಧ ತುಂಬಿದ್ದು ಅಳಿಸಿಹೋಗುತ್ತದೆ, ಪುಟಪುಟಕ್ಕೂ ಉಳಿಯುವ ತಂತ್ರಾಂಶ ಬಳಸಿ. ಪಿಬಿಎ ಮೊದಲು, ಪಿಸಿಎಲ್-5 ಕೊನೆಗೆ. ಆಘಾತದ ಪ್ರಶ್ನೆ ಮೊದಲು ಬಂದರೆ ಮುಂದಿನದೆಲ್ಲ ಅದರ ನೆರಳಲ್ಲಿ ಉತ್ತರವಾಗುತ್ತದೆ. ಊರಿನ ಹೆಸರು ಕೇಳಬೇಡಿ, ಪ್ರಾಂತ್ಯ ಸಾಕು. ಗಂಡ ಸೇನೆಯಲ್ಲಿದ್ದಾರೆಯೇ ಎಂಬುದಕ್ಕೆ ಹೌದು, ಇಲ್ಲ, ಹೇಳಲಾರೆ. ತುಕಡಿ, ಜಾಗ ಯಾವುದೂ ಬೇಡ.

ಸಾಯುವ ಯೋಚನೆಯ ಬಗ್ಗೆ ಕೇಳುವ ಪಿಎಚ್‌ಕ್ಯೂ-9ರ ಒಂಬತ್ತನೆಯ ಪ್ರಶ್ನೆಗೆ 0 ಬಿಟ್ಟು ಏನೇ ಗುರುತು ಬಿದ್ದರೂ ತಕ್ಷಣ ಸಹಾಯದ ಪುಟ ತೆರೆಯುವಂತೆ ಫಾರಂ ಕಟ್ಟಿ. ಉಕ್ರೇನಿನೊಳಗಿನವರಿಗೆ ಲೈಫ್‌ಲೈನ್ ಯುಕ್ರೇನ್ ಸಹಾಯವಾಣಿಯ 7333 ಇದೆ. ಪೋಲೆಂಡಿನವರಿಗೆ ಉಕ್ರೇನಿಯನ್ ಮಾತಾಡುವ ಒಬ್ಬ ಆಪ್ತಸಮಾಲೋಚಕರ ವೇಳೆಯನ್ನು ಫಾರಂ ಹಂಚುವ ಮೊದಲೇ ಕಾದಿರಿಸಿ. ಬರ್ನ್‌ಔಟ್ ತೀವ್ರವಾದಷ್ಟೂ ಮಕ್ಕಳ ಮೇಲೆ ನಿರ್ಲಕ್ಷ್ಯ, ಕೈ ಎತ್ತುವುದು ಹೆಚ್ಚುತ್ತದೆ ಎಂದು ಇದೇ ಬೆಲ್ಜಿಯಂ ತಂಡ ತೋರಿಸಿದೆ. ಅದನ್ನು ಕೇಳುವುದಾದರೆ, ಉತ್ತರ ಬಂದ ಮೇಲೆ ನಿಮ್ಮ ಕಾನೂನು ಹೊಣೆ ಏನೆಂದು ಎಥಿಕ್ಸ್ ಸಮಿತಿಯಿಂದ ಮೊದಲೇ ಲಿಖಿತದಲ್ಲಿ ಪಡೆದು, ಒಪ್ಪಿಗೆ ಪತ್ರದಲ್ಲಿ ತಾಯಿಗೆ ಅರ್ಥವಾಗುವ ಮಾತಿನಲ್ಲಿ ಹಾಕಿ.