ಪಿಸಾರ್ಪ್ (ಹಿಂದಿನಿಂದ ನಡುಗೆರೆಯಲ್ಲಿ ಕೊಯ್ದು ಗುದದ್ವಾರ ಕಟ್ಟುವ ಆಪರೇಷನ್) ಮಾಡುವಾಗ ಮಧ್ಯರೇಖೆ ತಪ್ಪಿದ್ದು ಗೊತ್ತಾಗುವುದು ಹೇಗೆ?

ಕಲಿಕೆಯಲ್ಲಿರುವವ:
ಗುದದ್ವಾರವಿಲ್ಲದೆ ಹುಟ್ಟಿದ ಗಂಡುಮಗು, ಮಲಾಶಯದಿಂದ ಬಲ್ಬಾರ್ ಮೂತ್ರನಾಳಕ್ಕೆ (ಮೂತ್ರನಾಳದ ಕೆಳಭಾಗಕ್ಕೆ) ಫಿಸ್ಟುಲಾ, ಅಂದರೆ ಇರಬಾರದ ದಾರಿ. ಕೊಲೊಸ್ಟಮಿ (ಮಲ ಹೋಗಲು ಹೊಟ್ಟೆಯ ಮೇಲೆ ಕರುಳಿನ ಬಾಯಿ) ಆಗಿದೆ. ಸ್ನಾಯುಗಳನ್ನು ನಡುವೆ ಸರಿಯಾಗಿ ಎರಡು ಪಾಲು ಮಾಡಬೇಕು ಅಂತ ಎಲ್ಲರೂ ಹೇಳುತ್ತಾರೆ. ಚರ್ಮದಿಂದ ಕೆಳಗಿಳಿದ ಮೇಲೆ ನಡು ತಪ್ಪಿದೆ ಅನ್ನೋದಕ್ಕೆ ಗುರುತೇನು? ಸ್ಟಿಮ್ಯುಲೇಟರ್ (ಕರೆಂಟ್ ಕೊಟ್ಟು ಸ್ನಾಯು ಸೆಳೆಯುವಂತೆ ಮಾಡುವ ಸಾಧನ) ಎಲ್ಲೆಲ್ಲಿ ಮುಟ್ಟಿಸಬೇಕು? ಸ್ನಾಯು ಕೊಯ್ಯುವುದೇ ಬೇಡ ಅಂತ ಹೊಟ್ಟೆಯ ಸಣ್ಣ ರಂಧ್ರಗಳಿಂದ ಲ್ಯಾಪರೊಸ್ಕೋಪಿ ಮಾಡಿದರೆ ಒಳ್ಳೆಯದಲ್ಲವೇ?

ಹಳೇಗತ್ತರಿ:
ಲ್ಯಾಪರೊಸ್ಕೋಪಿ ಈ ಮಗುವಿಗಲ್ಲ. ಬಲ್ಬಾರ್ ಫಿಸ್ಟುಲಾ ತೀರಾ ಕೆಳಗಿರುತ್ತದೆ. ಮೇಲಿನಿಂದ ಹೋದವರು ಬುಡದವರೆಗೆ ತಲುಪದೆ ಮಲಾಶಯದ ತುಂಡೊಂದನ್ನು ಮೂತ್ರನಾಳದ ಹಿಂದೆ ಬಿಟ್ಟುಬರುತ್ತಾರೆ. ಅದರಲ್ಲಿ ಲೋಳೆ ತುಂಬಿ ಸೋಂಕು, ಕಲ್ಲು ಎಲ್ಲ ಶುರು. ಮೂತ್ರಕೋಶದ ಕುತ್ತಿಗೆಗೆ ಫಿಸ್ಟುಲಾ ಇದ್ದರೆ ಲ್ಯಾಪರೊಸ್ಕೋಪಿ ನಿಜಕ್ಕೂ ಉಪಕಾರಿ.

ಪೆನ್ಯಾ ಮತ್ತು ಡಿವ್ರೀಸ್ 1982ರಲ್ಲಿ ಈ ವಿಧಾನ ಪ್ರಕಟಿಸಿದಾಗ ಹಿಡಿದ ಎಳೆ ಒಂದೇ: ನರ, ರಕ್ತನಾಳಗಳು ಎರಡೂ ಬದಿಯಿಂದ ನಡುವಿನತ್ತ ಬರುತ್ತವೆ, ನಡು ದಾಟುವುದಿಲ್ಲ. ಹಾಗಾಗಿ ನಡುವಿನ ಕೊಯ್ತದಿಂದ ಸ್ನಾಯು ಕೆಡುವುದಿಲ್ಲ, ಪಕ್ಕಕ್ಕೆ ಸರಿದ ಕೊಯ್ತದಿಂದ ಕೆಡುತ್ತದೆ.

ಕೊಯ್ಯುವ ಮೊದಲೇ ಚರ್ಮದ ಮೇಲೆ ಸ್ಟಿಮ್ಯುಲೇಟರ್ ಇಟ್ಟು, ಗುಳಿ ಬಿದ್ದು ಮೇಲಕ್ಕೆ ಸೆಳೆಯುವ ಜಾಗಕ್ಕೆ ಗುರುತು ಹಾಕಿ. ಒಳಗೆ ಹೋದ ಮೇಲೆ ಕರೆಂಟ್ ಇಳಿಸಿ. ಪ್ಯಾರಾಸ್ಯಾಜಿಟಲ್ ಸ್ನಾಯುನಾರುಗಳು ನಡುಗೆರೆಗೆ ಸಮಾನಾಂತರವಾಗಿ ಓಡುತ್ತವೆ, ಮಸಲ್ ಕಾಂಪ್ಲೆಕ್ಸ್ (ಗುದವನ್ನು ಬಿಗಿಹಿಡಿಯುವ ಸ್ನಾಯುಗುಂಪು) ಅವಕ್ಕೆ ಅಡ್ಡ ಬರುತ್ತದೆ. ಇವೆರಡೂ ಕೂಡುವ ಕಡೆ ಹೊಸ ಗುದದ್ವಾರದ ಮುಂದಿನ, ಹಿಂದಿನ ಅಂಚು. ಅಲ್ಲಿ ರೇಷ್ಮೆ ದಾರದ ಗುರುತು ಹಾಕಿಡಿ, ಕೊನೆಗೆ ಬೇಕಾಗುತ್ತದೆ.

ಇನ್ನು ತಪ್ಪಿದ್ದರ ಗುರುತು. ಸೂಜಿಮೊನೆ ಕಾಟರಿಯಲ್ಲಿ (ಕರೆಂಟಿನ ಕಾವಿನಿಂದ ಕೊಯ್ಯುವ ಸಾಧನ) ಇಳಿಯುವಾಗ ತೆಳ್ಳನೆ ಬಿಳಿ ಪದರ ಸಿಗುತ್ತಾ ಹೋಗಬೇಕು. ಒಂದು ಬದಿಯಿಂದ ಹಳದಿ ಕೊಬ್ಬು ಗುಳುಕ್ ಅಂತ ಉಬ್ಬಿ ಬಂದರೆ ನೀವು ಆ ಬದಿಗೆ ಜಾರಿದ್ದೀರಿ. ನಿಲ್ಲಿಸಿ, ವಾಪಸ್ ಬಿಳಿ ಪದರಕ್ಕೆ ಬನ್ನಿ. ಬಹಳ ಸಲ ತಪ್ಪು ಕೈಯದ್ದಲ್ಲ, ಗಾಯವನ್ನು ಅಗಲಿಸಿ ಹಿಡಿಯುವ ರಿಟ್ರಾಕ್ಟರಿನದು: ಒಂದು ಹಲ್ಲು ಆಳಕ್ಕೆ, ಇನ್ನೊಂದು ಮೇಲೆಯೇ ಕೂತರೆ ನಡುವೇ ವಾಲುತ್ತದೆ.

ನಿದ್ದೆಕೊಡುವವಳು:
ಅರಿವಳಿಕೆ ಕಡೆಯಿಂದ ಒಂದು ಮಾತು. ಸ್ಟಿಮ್ಯುಲೇಟರ್ ಬಳಸುತ್ತೀರೆಂದು ಮೊದಲೇ ಹೇಳಿಬಿಡಿ. ಸ್ನಾಯು ಸಡಿಲಿಸುವ ಔಷಧದ ಪ್ರಭಾವ ಇರುವಾಗ ಮುಟ್ಟಿಸಿ, "ಸ್ನಾಯುವೇ ಇಲ್ಲ" ಅನ್ನುವ ತೀರ್ಮಾನಕ್ಕೆ ಬರುವುದುಂಟು. ಕಾಡಲ್ ಬ್ಲಾಕ್ (ಬೆನ್ನುಮೂಳೆಯ ಬುಡದಲ್ಲಿ ಕೊಡುವ ಅರಿವಳಿಕೆ ಚುಚ್ಚುಮದ್ದು) ಬೇಕೆಂದರೆ ಬೆನ್ನುಹುರಿಯ ಅಲ್ಟ್ರಾಸೌಂಡ್ ನೋಡಿಯೇ. ಹುರಿ ಕೆಳಗೆ ಅಂಟಿಕೊಂಡಿರುವುದು ಈ ಮಕ್ಕಳಲ್ಲಿ ಅಪರೂಪವಲ್ಲ.

ಆರುಸೊನ್ನೆದಾರ:
ಮೇಲಿನದಕ್ಕೆ ಪೂರಕ. ಡಿಸ್ಟಲ್ ಕೊಲೊಸ್ಟೊಗ್ರಾಮ್ (ಕೊಲೊಸ್ಟಮಿಯಿಂದ ಕೆಳಗಿನ ಕರುಳಿಗೆ ಬಣ್ಣದ್ರವ ಬಿಟ್ಟು ತೆಗೆಯುವ ಎಕ್ಸ್‌ರೇ) ಇಲ್ಲದೆ ಮಗುವನ್ನು ಬೋರಲು ಮಲಗಿಸಬೇಡಿ. ಮಲಾಶಯ ಎಲ್ಲಿದೆಯೆಂದು ತಿಳಿಯದೆ ತಡಕಾಡುವಾಗಲೇ ಮೂತ್ರನಾಳ, ವೀರ್ಯಕೋಶ, ನರಗಳಿಗೆ ಪೆಟ್ಟಾಗುವುದು.

ಫಿಸ್ಟುಲಾದ ಮೇಲೆ ಮಲಾಶಯಕ್ಕೂ ಮೂತ್ರನಾಳಕ್ಕೂ ಒಂದೇ ಗೋಡೆ. ಫಿಸ್ಟುಲಾದ ಅಂಚಿನ ಸುತ್ತ ತೀರಾ ಸಪೂರ 5-0 ಅಥವಾ 6-0 ಅಳತೆಯ ರೇಷ್ಮೆ ಹೊಲಿಗೆಗಳನ್ನು ಒತ್ತೊತ್ತಾಗಿ ಹಾಕಿ, ಎಲ್ಲವನ್ನೂ ಒಟ್ಟಿಗೆ ಸಮವಾಗಿ ಎಳೆದು, ಲೋಳೆಪೊರೆಯ ಕೆಳಗಿನ ಪದರದಲ್ಲಿ ಮಲಾಶಯವನ್ನು ಬಿಡಿಸಿ. ಮೂತ್ರನಾಳದೊಳಗಿನ ಕೊಳವೆ (ಫೋಲಿ ಕ್ಯಾಥೆಟರ್) ಬೆರಳಿಗೆ ಸಿಗುತ್ತಿರಲಿ. ಮಲಾಶಯ ಅಗಲವಾಗಿ ಸ್ನಾಯುವಿನೊಳಗೆ ಕೂರದಿದ್ದರೆ ಹಿಂದಿನ ಗೋಡೆಯಿಂದ ಕಿರಿದು ಮಾಡಿ. ಮುಂದೆ ಮಾಡಿದರೆ ಆ ಹೊಲಿಗೆ ಮೂತ್ರನಾಳದ ಹೊಲಿಗೆಗೆ ಎದುರಾಗಿ ಫಿಸ್ಟುಲಾ ಮರಳುತ್ತದೆ.

ಮಸಲ್ ಕಾಂಪ್ಲೆಕ್ಸಿನ ಹಿಂದಿನ ಅಂಚನ್ನು ಕೂಡಿಸುವಾಗ ಮಲಾಶಯದ ಹಿಂಗೋಡೆಯನ್ನೂ ಸೂಜಿಯಲ್ಲಿ ಹಿಡಿಯಿರಿ, ಇಲ್ಲವಾದರೆ ಆಮೇಲೆ ಮಲಾಶಯ ಜಾರಿ ಹೊರಬರುತ್ತದೆ. ಗುದದ್ವಾರಕ್ಕೆ ಸುತ್ತ 16 ಕರಗುವ ಹೊಲಿಗೆ, ಬಿಗಿತವಿರಬಾರದು. ಎರಡು ವಾರದ ನಂತರ ಹೆಗಾರ್ ಡೈಲೇಟರ್ (ಗುದದ್ವಾರ ಹಿಗ್ಗಿಸುವ ಕಡ್ಡಿ), ದಿನಕ್ಕೆ ಎರಡು ಸಲ. ಗುರಿ 1ರಿಂದ 4 ತಿಂಗಳ ವಯಸ್ಸಿಗೆ 12ನೇ ಅಳತೆ, 4ರಿಂದ 8ಕ್ಕೆ 13.

ಕಲಿಕೆಯಲ್ಲಿರುವವ:
ಧನ್ಯವಾದ ಸರ್, ಮೇಡಂ. ಔಷಧದ ಪ್ರಭಾವ ಹೋದ ಮೇಲೂ ಒಂದು ಬದಿ ಮಾತ್ರ ಜೋರಾಗಿ ಸೆಳೆದರೆ?

ಹಳೇಗತ್ತರಿ:
ಎಕ್ಸ್‌ರೇಯಲ್ಲಿ ಸೇಕ್ರಮ್ (ಬೆನ್ನುಮೂಳೆಯ ಬುಡದ ತ್ರಿಕೋನ ಮೂಳೆ) ನೋಡಿ. ಅರ್ಧ ಬೆಳೆಯದಿದ್ದರೆ ಆ ಬದಿಯ ನರವೂ ಸ್ನಾಯುವೂ ಕಡಿಮೆಯೇ ಇರುತ್ತವೆ. ಅಂಥಲ್ಲಿ ಸೆಳೆತದ ಜೋರು ನೋಡಿ ನಡು ಹುಡುಕಬೇಡಿ, ನಾರು ಓಡುವ ದಿಕ್ಕು ನೋಡಿ. ಸೇಕ್ರಮ್ ಮುಂದೆ ಗಡ್ಡೆ ಇದೆಯೇ ಅಂತ ಎಂಆರ್‌ಐ ಆಗಿರಬೇಕು. ಸೇಕ್ರಲ್ ರೇಶಿಯೋ (ಸೇಕ್ರಮ್ ಎಷ್ಟು ಬೆಳೆದಿದೆ ಅನ್ನುವ ಎಕ್ಸ್‌ರೇ ಅಳತೆ) 0.4ಕ್ಕಿಂತ ಕಡಿಮೆಯಿದ್ದರೆ, ಎಷ್ಟೇ ಚೊಕ್ಕ ಕೆಲಸವಾದರೂ ಮಲದ ಹಿಡಿತ ಬರುವುದು ಕಷ್ಟ, ಎನಿಮಾ ಬೇಕಾಗಬಹುದು ಅಂತ ತಂದೆತಾಯಿಗೆ ಆಪರೇಷನ್‌ಗೆ ಮೊದಲೇ ಹೇಳಿ.