ಇ46 ಎಂ3: ಡಿಫ್ ಬುಶ್ ಸೀಳಿದೆ, ಸಬ್‌ಫ್ರೇಮ್ ಬುಶ್ ಕೂಡ ಮುದಿಯಾಗಿದೆ, ರಬ್ಬರ್ರೋ ಪಾಲಿನೋ ಅಲ್ಯೂಮಿನಿಯಮ್ಮೋ?

ತಿರುವುಪ್ರಿಯ:
ಎಲ್ರಿಗೂ ನಮಸ್ಕಾರ. ಗಾಡಿ 2003ರ ಬಿಎಂಡಬ್ಲ್ಯೂ ಇ46 ಎಂ3, ಆರು ಗೇರ್ ಮ್ಯಾನುಯಲ್. ಒಂದರಿಂದ ಎರಡಕ್ಕೆ ಹಾಕಿ ಕ್ಲಚ್ ಬಿಟ್ಟ ತಕ್ಷಣ ಹಿಂದೆ ಧಡ್ ಅಂತ ಹೊಡಿಯತ್ತೆ, ಆಕ್ಸಿಲರೇಟರ್ ಒತ್ತಿ ಬಿಟ್ಟು ಮಾಡಿದ್ರೂ ಅದೇ. ಇನ್ನೊಂದು, ಉದ್ದನೆ ತಿರುವಲ್ಲಿ ಕಾಲು ಎತ್ತಿದ್ರೆ ಹಿಂಭಾಗ ಒಂಚೂರು ಪಕ್ಕಕ್ಕೆ ಸರಿದು ಆಮೇಲೆ ಕೂತ್ಕೊಳ್ಳುತ್ತೆ, ಮೊದ್ಲು ಹೀಗಿರ್ಲಿಲ್ಲ. ಕೆಳಗೆ ಮಲಗಿ ನೋಡ್ದೆ, ಡಿಫ್ (ಎಂಜಿನ್ ಬಲನ ಹಿಂದಿನ ಎರಡು ಚಕ್ರಕ್ಕೆ ಹಂಚೋ ಗೇರ್ ಡಬ್ಬಿ) ಹಿಡಿಯೋ ಬುಶ್, ಅಂದ್ರೆ ಬೋಲ್ಟ್ ಸುತ್ತ ಕೂರೋ ರಬ್ಬರ್ ಕೊಳವೆ, ಸೀಳಿದೆ, ಸಬ್‌ಫ್ರೇಮ್ (ಡಿಫ್ ಹೊತ್ಕೊಂಡು ಬಾಡಿ ಕೆಳಗೆ ಕೂರೋ ಚೌಕಟ್ಟು) ಬುಶ್ ರಬ್ಬರಲ್ಲೂ ಸಣ್ಣ ಬಿರುಕು. ದಿನಾ ಓಡಿಸೋ ಗಾಡಿ, ವರ್ಷಕ್ಕೆ ಮೂರ್ನಾಕು ಸಲ ಟ್ರ್ಯಾಕ್‌ಗೆ ಹೋಗುತ್ತೆ. ಒಬ್ರು ಪೂರ್ತಿ ಅಲ್ಯೂಮಿನಿಯಂ ಹಾಕು ಅಂತಾರೆ, ಇನ್ನೊಬ್ರು ಕಂಪನಿ ರಬ್ಬರ್ ಬಿಟ್ಟು ಬೇರೆ ಮುಟ್ಟಬೇಡ ಅಂತಾರೆ. ಏನ್ ಮಾಡ್ಲಿ?

ಸ್ಪ್ಯಾನರ್12:
ಗುರು, ಇದನ್ನ ಒಂದೇ ಪ್ರಶ್ನೆ ಅಂತ ನೋಡ್ಬೇಡಿ, ಎರಡು ಬುಶ್‌ಗೂ ಕೆಲಸ ಬೇರೆಬೇರೆ. ಮೊದ್ಲು ಡಿಫ್. ಈ ಎಂಜಿನ್ ಜಾಸ್ತಿ ಅಂದ್ರೆ 365 ನ್ಯೂಟನ್ ಮೀಟರ್ ಟಾರ್ಕ್ ಕೊಡತ್ತೆ, ಒಂದನೇ ಗೇರ್ ಅನುಪಾತ 4.23, ಡಿಫ್‌ದು 3.62, ಗುಣಿಸಿದ್ರೆ ಆಕ್ಸಲ್‌ಗೆ ಹತ್ತಿರ ಹತ್ತಿರ 5,600 ನ್ಯೂಟನ್ ಮೀಟರ್. ಚಕ್ರನ ಮುಂದಕ್ಕೆ ತಿರುಗಿಸೋ ಅಷ್ಟೇ ಬಲ ಡಿಫ್ ಡಬ್ಬಿನ ಹಿಂದಕ್ಕೆ ತಿರುಗಿಸೋಕೆ ನೋಡತ್ತೆ, ಡಬ್ಬಿ ಮೂತಿ ಮೇಲಕ್ಕೆ ಎತ್ಕೊಳತ್ತೆ, ಕಾಲು ತೆಗೆದ್ರೆ ವಾಪಸ್ ಬೀಳತ್ತೆ. ಅದನ್ನ ಹಿಡಿಯೋದು ಆ ಬುಶ್‌ಗಳು ಮಾತ್ರ, ನಿಮ್ಮ ಧಡ್ ಸದ್ದು ಬಹುಶಃ ಅಲ್ಲಿಂದಾನೇ.

ಸಬ್‌ಫ್ರೇಮ್ ಕಥೆ ಬೇರೆ. ಈ ಗಾಡೀಲಿ ಹಿಂದಿನ ಚಕ್ರನ ಉದ್ದಕ್ಕೆ ಹಿಡಿಯೋ ಟ್ರೇಲಿಂಗ್ ಆರ್ಮ್ ಬಾಡಿಗೆ ಕೂತಿದೆ, ಅಡ್ಡಕ್ಕೆ ಹಿಡಿಯೋ ಕ್ಯಾಂಬರ್ ಆರ್ಮ್‌ಗಳು ಸಬ್‌ಫ್ರೇಮ್‌ಗೆ. ಸಬ್‌ಫ್ರೇಮ್ ಬಾಡಿಯಿಂದ ಒಂದೆರಡು ಮಿಲಿಮೀಟರ್ ಆಚೀಚೆ ಆದ್ರೂ ಟೋ (ಚಕ್ರ ಒಳಕ್ಕೋ ಹೊರಕ್ಕೋ ಮುಖ ಮಾಡೋ ಕೋನ), ಕ್ಯಾಂಬರ್ (ಚಕ್ರದ ಮೇಲ್ಭಾಗ ಓರೆಯಾಗೋ ಕೋನ) ಎರಡೂ ಬದಲಾಗತ್ತೆ, ಅಂದ್ರೆ ಹಿಂದಿನ ಚಕ್ರ ತಾನೇ ಸ್ಟೀರಿಂಗ್ ಮಾಡ್ತಿದೆ ಅಂತ. ತಿರುವಲ್ಲಿ ಸರಿಯೋದು ಇದರಿಂದ ಇರಬಹುದು, ಇಲ್ಲಾ ಟ್ರೇಲಿಂಗ್ ಆರ್ಮ್ ಬುಶ್ ಇಂದ, ಅದನ್ನೂ ನೋಡಿ.

ಈಗ ಸದ್ದಿನ ವಿಷಯ. ಡಿಫ್ ಒಳಗಿನ ಎರಡು ಗೇರ್, ಕ್ರೌನ್ ಮತ್ತೆ ಪಿನಿಯನ್, ಹಲ್ಲು ಕಚ್ಚೋವಾಗ ಗುಂಯ್ ಅನ್ನತ್ತೆ. ಉದಾಹರಣೆಗೆ ಪಿನಿಯನ್‌ಗೆ 13 ಹಲ್ಲು ಅಂತ ಇಟ್ಕೊಳ್ಳಿ, ಪಿನಿಯನ್ ತಿರುಗಿಸೋ ಪ್ರೊಪೆಲರ್ ಶಾಫ್ಟ್ 3000 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 50 ಸುತ್ತು, 50 ಇಂಟು 13, 650 ಹರ್ಟ್ಸ್, ಕಿವಿಗೆ ಚೆನ್ನಾಗಿ ಕೇಳೋ ಜಾಗ. ಆ ಸದ್ದು ಒಳಗೆ ಬರ್ಬೇಕಾದ್ರೆ ಡಿಫ್ ಬುಶ್ ದಾಟಿ ಸಬ್‌ಫ್ರೇಮ್‌ಗೆ ಬರ್ಬೇಕು, ಅಲ್ಲಿಂದ ಸಬ್‌ಫ್ರೇಮ್ ಬುಶ್ ದಾಟಿ ಬಾಡಿಗೆ. ಎರಡು ಬಾಗಿಲು ಇದ್ದಂಗೆ, ಒಂದು ಮುಚ್ಚಿದ್ರೂ ಸಾಕು. ಎರಡನ್ನೂ ಅಲ್ಯೂಮಿನಿಯಂ ಮಾಡಿದ್ರೆ ಎರಡೂ ತೆರೆದಂಗೆ.

ಅದಕ್ಕೆ ನನ್ ಮಾತು ಏನಂದ್ರೆ, ಸಬ್‌ಫ್ರೇಮ್‌ಗೆ ಗಟ್ಟಿದು ಹಾಕಿ, ಪಾಲಿ (ಪಾಲಿಯುರೆಥೇನ್, ರಬ್ಬರ್‌ಗಿಂತ ಗಟ್ಟಿ ಪ್ಲಾಸ್ಟಿಕ್) ಇಲ್ಲಾ ಅಲ್ಯೂಮಿನಿಯಂ, ಡಿಫ್‌ಗೆ ಹೊಸ ರಬ್ಬರ್ ಇಲ್ಲಾ ಮೆತ್ತಗಿನ ಪಾಲಿ. ಗಟ್ಟಿತನದಿಂದ ಬರೋ ಲಾಭ ಜಾಸ್ತಿ ಸಬ್‌ಫ್ರೇಮ್‌ನಲ್ಲೇ ಇದೆ. ಪಾಲಿ ತಗೊಂಡ್ರೆ ಗಡಸುತನದ ನಂಬರ್ ನೋಡಿ, ಪವರ್‌ಫ್ಲೆಕ್ಸ್ ಕಂಪನೀದ್ರಲ್ಲಿ ನೇರಳೆ ಬಣ್ಣದ್ದು ಶೋರ್ ಎ ಅನ್ನೋ ಗಡಸುತನದ ಅಳತೇಲಿ 80ರ ಆಸುಪಾಸು, ಕಪ್ಪು 95, ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ವೆಲ್ಡಿಂಗ್‌ಕಣ್ಣು:
ಮೇಲಿನೋರು ಹೇಳಿದ್ದು ಒಪ್ತೀನಿ, ಆದ್ರೆ ಬುಶ್ ಆರ್ಡರ್ ಮಾಡೋ ಮೊದ್ಲು ಗಾಡಿಯ ನೆಲದ ತಗಡು ನೋಡಿ ದಯವಿಟ್ಟು. ಇ46ನಲ್ಲಿ ಸಬ್‌ಫ್ರೇಮ್ ಕೂರೋ ನಾಲ್ಕು ಜಾಗದ ಸುತ್ತ ಬಾಡಿ ತಗಡು ಬಿರುಕು ಬಿಡೋದು ಎಲ್ರಿಗೂ ಗೊತ್ತಿರೋ ಕಾಯಿಲೆ, ಸ್ಪಾಟ್ ವೆಲ್ಡ್ ಕೂಡ ಬಿಟ್ಕೊಳತ್ತೆ. ಸಬ್‌ಫ್ರೇಮ್ ಇಳಿಸಿ, ಮಣ್ಣು, ಅಂಡರ್‌ಕೋಟ್ ಕೆರೆದು, ಒಳ್ಳೆ ಲೈಟ್ ಹಿಡ್ಕೊಂಡು ನೋಡ್ಬೇಕು, ಮೇಲ್ಮೇಲೆ ನೋಡಿದ್ರೆ ಕಾಣಲ್ಲ. ಅಲ್ಯೂಮಿನಿಯಂ ಬುಶ್ ಹಾಕಿದ್ರೆ ಬಿರುಕು ನಿಲ್ಲತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ರಬ್ಬರ್ ನುಂಗ್ತಿದ್ದ ಏಟು ಈಗ ನೇರ ತಗಡಿಗೆ ಹೋಗತ್ತೆ. ಬಿರುಕು ಇದ್ರೆ ಮೊದ್ಲು ವೆಲ್ಡ್ ಮಾಡಿ ತಗಡಿಗೆ ಬಲ ಕೊಡೋ ಪ್ಲೇಟ್ ಕೂರಿಸಿ, ಆಮೇಲೆ ಬುಶ್ ಮಾತು.

ಮುಂಜಾನೆ_ಟ್ರ್ಯಾಕ್:
ನಾನು ಎರಡೂ ಅಲ್ಯೂಮಿನಿಯಂ ಹಾಕಿ ಎಂಟು ತಿಂಗಳು ಓಡಿಸಿದೀನಿ. ಟ್ರ್ಯಾಕಲ್ಲಿ ಕಾಲಿಟ್ಟ ಕ್ಷಣಕ್ಕೆ ಗಾಡಿ ಉತ್ತರ ಕೊಡತ್ತೆ, ಅದು ನಿಜವಾಗ್ಲೂ ಖುಷಿ. ಆದ್ರೆ ಹೈವೇಲಿ ಒಂದೇ ವೇಗದಲ್ಲಿ ಹೋಗ್ತಿದ್ರೆ ಡಿಫ್ ಗುಂಯ್ ಅನ್ನೋದು ನಿಲ್ಲೋದೇ ಇಲ್ಲ, ಪಕ್ಕದಲ್ಲಿ ಕೂತೋರು ಬೇರಿಂಗ್ ಹೋಗಿದ್ಯಾ ಅಂತ ಕೇಳ್ತಿದ್ರು. ಕೊನೆಗೆ ಡಿಫ್‌ಗೆ ವಾಪಸ್ ರಬ್ಬರ್ ಹಾಕ್ದೆ, ಸಬ್‌ಫ್ರೇಮ್ ಹಾಗೇ ಬಿಟ್ಟೆ. ತಿರುವಲ್ಲಿ ಏನೂ ಕಳ್ಕೊಂಡಂಗೆ ಅನ್ನಿಸ್ಲಿಲ್ಲ, ಸದ್ದು ಮುಕ್ಕಾಲು ಪಾಲು ಹೋಯ್ತು.

ಒಂದು ಎಚ್ಚರಿಕೆ, ಡಿಫ್‌ನಲ್ಲೇ ಒಂದು ಕಡೆ ಅಲ್ಯೂಮಿನಿಯಂ ಇನ್ನೊಂದು ಕಡೆ ರಬ್ಬರ್ ಹಾಕ್ಬೇಡಿ. ಗಟ್ಟಿ ಇರೋ ಜಾಗಕ್ಕೇ ಎಲ್ಲಾ ಭಾರ ಹೋಗಿ ಅಲ್ಲಿನ ಕಿವಿ (ಬೋಲ್ಟ್ ಕೂರೋ ಚಾಚು) ಇಲ್ಲಾ ಬೋಲ್ಟ್ ಮುರಿಯತ್ತೆ. ಡಿಫ್‌ಗೆ ಹಾಕಿದ್ರೆ ಎಲ್ಲಾ ಒಂದೇ ಜಾತಿ, ಸಬ್‌ಫ್ರೇಮ್‌ಗೂ ನಾಲ್ಕೂ ಒಂದೇ ಜಾತಿ.

ತಿರುವುಪ್ರಿಯ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಇಳಿಸಿ ನೋಡ್ದೆ, ಹಿಂದಿನ ಎಡಗಡೆ ಮೌಂಟ್ ಹತ್ರ ಉಗುರಿನಷ್ಟು ಉದ್ದ ಬಿರುಕು ಸಿಕ್ತು, ನೋಡ್ದೇ ಇದ್ದಿದ್ರೆ ಏನ್ ಗತಿ ಅನ್ನಿಸ್ತು. ನಾಲ್ಕೂ ಕಡೆ ಪ್ಲೇಟ್ ಹಾಕಿಸ್ತೀನಿ. ಸಬ್‌ಫ್ರೇಮ್‌ಗೆ ನೇರಳೆ ಪಾಲಿ, ಡಿಫ್‌ಗೆ ಕಂಪನಿ ರಬ್ಬರ್ ಅಂತ ತೀರ್ಮಾನ ಮಾಡಿದೀನಿ. ಟ್ರೇಲಿಂಗ್ ಆರ್ಮ್ ಬುಶ್‌ಗೂ ಪಾಲಿನೇ ಹಾಕ್ಬಿಡ್ಲಾ?

ಸ್ಪ್ಯಾನರ್12:
ಬೇಡ. ಸಬ್‌ಫ್ರೇಮ್, ಡಿಫ್ ಬುಶ್ ಹೆಚ್ಚು ತಿರುಗಲ್ಲ, ಅದಕ್ಕೇ ಅಲ್ಲಿ ಪಾಲಿ ನಡಿಯತ್ತೆ. ಟ್ರೇಲಿಂಗ್ ಆರ್ಮ್ ಮೇಲೆ ಕೆಳಗೆ ಹೋಗೋದರ ಜೊತೆಗೆ ಓರೆಯಾಗಿಯೂ ತಿರುಚ್ಕೊಳತ್ತೆ, ಗಟ್ಟಿ ಪಾಲಿ ಅಲ್ಲಿ ಸಿಕ್ಕಾಕೊಳತ್ತೆ. ರಬ್ಬರ್ ಹಾಕಿ ಪಕ್ಕಕ್ಕೆ ಅಲ್ಲಾಡದಂಗೆ ತಡೆಯೋ ಲಿಮಿಟರ್ ವಾಷರ್ ಕೂರಿಸಿ ಸಾಕು, ಅದರ ಬೋಲ್ಟ್ ಮಾತ್ರ ಆರ್ಮ್ ಓಡೋ ಎತ್ತರದಲ್ಲಿ (ಗಾಡಿ ಚಕ್ರದ ಮೇಲೆ ನಿಂತಾಗ ಇರೋ ಎತ್ತರ) ಇರೋವಾಗ ಬಿಗಿ ಮಾಡಿ, ನೇತಾಡ್ತಿರೋವಾಗ ಬಿಗಿ ಮಾಡಿದ್ರೆ ರಬ್ಬರ್ ಮೊದಲ ದಿನದಿಂದಲೇ ತಿರುಚ್ಕೊಂಡು ಬೇಗ ಹರಿಯತ್ತೆ. ಹಳೇ ಬುಶ್‌ನ ಬೆಂಕಿ ಹಚ್ಚಿ ತೆಗಿಬೇಡಿ, ಹೊಗೆ ಕೆಟ್ಟದ್ದು, ಎಳೆದು ತೆಗೆಯೋ ಪುಲ್ಲರ್ ಬಳಸಿ. ಎಲ್ಲಾ ಆದ್ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಹಳೇ ಸೆಟ್ಟಿಂಗ್ ಇನ್ನು ಲೆಕ್ಕಕ್ಕಿಲ್ಲ.