ಸ್ಕ್ಯಾನ್ ಆದ ಕನ್ನಡ ಪುಸ್ತಕ ಓದಲು 15 ಸಾವಿರದ ಆಸುಪಾಸಿನಲ್ಲಿ ಯಾವ ಟ್ಯಾಬ್?

ಪ್ರಶ್ನೆ (ಸಕಲೇಶಪುರ)
ನಮಸ್ಕಾರ. ಅಪ್ಪನಿಗೆ ಓದೋಕೆ ಟ್ಯಾಬ್ ಬೇಕು, ವಯಸ್ಸು 68. ಹೆಚ್ಚಾಗಿ ಹಳೇ ಪುಸ್ತಕಗಳ ಸ್ಕ್ಯಾನ್ ಪಿಡಿಎಫ್. ಅಂಗಡಿಯಲ್ಲಿ 8.7 ಇಂಚಿನದೂ 10.1 ಇಂಚಿನದೂ ಇದೆ, ರೇಟು ಹತ್ತಿರಹತ್ತಿರ. ತೋಟದ ಮನೆ, ವೈಫೈ ಇಲ್ಲ, ಮಳೆಗಾಲದಲ್ಲಿ ಕರೆಂಟು ನಂಬೋ ಹಾಗಿಲ್ಲ. ದೊಡ್ಡದೇ ತಗೊಳ್ಳೋದಾ?

ಉತ್ತರ (ಹಾಸನ)
ಇಂಚು ನೋಡಿ ತಗೋಬೇಡಿ ಸರ್, ರೆಸಲ್ಯೂಷನ್ ಕೇಳಿ, ಅಂದರೆ ಪರದೆಯಲ್ಲಿ ಎಷ್ಟು ಪಿಕ್ಸೆಲ್ (ಚುಕ್ಕೆ) ಇವೆ ಅಂತ. ಅಗ್ಗದ 10.1 ಇಂಚಿನವು ಎಷ್ಟೋ 1280×800 ಇರುತ್ತವೆ. ಇಂಚಿಗೆ 149 ಪಿಕ್ಸೆಲ್ ಆಯಿತು. ಕನ್ನಡಕ್ಕೆ ಅದು ಸಾಲದು. ನಮ್ಮಲ್ಲಿ ಒತ್ತು ಚಿಕ್ಕದು, ಮಹಾಪ್ರಾಣದ ಸೀಳು ಇನ್ನೂ ಚಿಕ್ಕದು. ‘ಸಿದ್ಧ’ದ ಒತ್ತಿನ ಸೀಳು ಮುಚ್ಚಿಹೋಗಿ ‘ಸಿದ್ದ’ ಅಂತ ಕಾಣುತ್ತೆ. 11 ಇಂಚಿನಲ್ಲಿ 1920×1200 ಇದ್ದರೆ 206 ಬರುತ್ತೆ. ಡಬ್ಬಿ ಮೇಲಿನ ‘ಫುಲ್ ಎಚ್‌ಡಿ ವಿಡಿಯೋ’ ನಂಬಬೇಡಿ, ಅದು ಪರದೆಯ ಅಳತೆ ಅಲ್ಲದೆಯೂ ಇರಬಹುದು.

ಡೆಮಿ 1/8 ಅನ್ನೋ ಅಳತೆಯ ಪುಸ್ತಕದ ಪುಟ 5.5×8.5 ಇಂಚು. 11 ಇಂಚಿನ ಪರದೆ ಸುಮಾರು 5.8×9.3, ಅಚ್ಚಿನ ಅಳತೆಯಲ್ಲೇ ಪುಟ ಪೂರ್ತಿ ಕೂರುತ್ತೆ. ರೆಡ್‌ಮಿ ಪ್ಯಾಡ್ ಎಸ್‌ಇ ಇದೇ ಪರದೆ, ಬ್ಯಾಟರಿ 8000 ಎಂಎಎಚ್. ಗ್ಯಾಲಕ್ಸಿ ಟ್ಯಾಬ್ ಎ9 ಪ್ಲಸ್‌ನದು 7040. ನಿಮ್ಮ ಕರೆಂಟಿನ ಪಾಡಿಗೆ ಮೊದಲನೆಯದೇ ವಾಸಿ. ಅದಕ್ಕೆ ಸಿಮ್ ಇಲ್ಲ, ಮೊಬೈಲ್ ಹಾಟ್‌ಸ್ಪಾಟಿನಿಂದ ಇಳಿಸಿಕೊಂಡರೆ ಆಯಿತು. ಅಂಗಡಿಗೆ ಹೋಗುವಾಗ ಮೆಮೊರಿ ಕಾರ್ಡಿನಲ್ಲಿ ಅಪ್ಪ ಓದೋ ಒಂದು ಪಿಡಿಎಫ್ ಹಾಕ್ಕೊಂಡು ಹೋಗಿ, ಅದನ್ನೇ ತೆರೆಸಿ ನೋಡಿ.

ಉತ್ತರ (ಮೂಡಿಗೆರೆ)
ತೂಕ ಯಾರೂ ಹೇಳಲಿಲ್ಲ. 11 ಇಂಚಿನವು ಸುಮಾರು 480 ಗ್ರಾಂ, ಕವರ್ ಸೇರಿದರೆ ಇನ್ನೂ ಜಾಸ್ತಿ. ಮಲಗಿ ಓದೋರಿಗೆ ಕೈ ಸೋಲುತ್ತೆ. ಗ್ಯಾಲಕ್ಸಿ ಟ್ಯಾಬ್ ಎ9 (ಪ್ಲಸ್ ಅಲ್ಲದ್ದು) 8.7 ಇಂಚು, 332 ಗ್ರಾಂ. ಪರದೆಯ ಅಗಲ ನಾಲ್ಕೂವರೆ ಇಂಚಿಗೂ ಚೂರು ಕಮ್ಮಿ, ಆದರೆ ಡೆಮಿ ಪುಟದ ಅಂಚು ಕತ್ತರಿಸಿದರೆ ಅಕ್ಷರದ ಭಾಗ ನಾಲ್ಕು ಇಂಚಿನ ಆಸುಪಾಸು. ಲಿಬ್ರೆರಾ ಆ್ಯಪಿನಲ್ಲಿ ಅಂಚು ಕತ್ತರಿಸೋ ಗುಂಡಿ ಇದೆ. ಪುಟ ಹಳದಿಯಾಗಿ ಅಕ್ಷರ ಮಸುಕಾಗಿದ್ದರೆ ಕೆಒರೀಡರ್ ಆ್ಯಪಿನಲ್ಲಿ ಕಾಂಟ್ರಾಸ್ಟ್ ಏರಿಸಿ. ಕೂತು ಓದೋರಾದರೆ ಮಾತ್ರ 11.

ರ‍್ಯಾಮ್ 4 ಜಿಬಿ ಇರಲೇಬೇಕು. ಸ್ಕ್ಯಾನ್ ಪುಸ್ತಕದಲ್ಲಿ ಪ್ರತಿ ಪುಟವೂ ಒಂದು ಚಿತ್ರ, ಕಮ್ಮಿ ಇದ್ದರೆ ಪುಟ ತಿರುಗಿಸಿದಾಗ ಬಿಳಿ ಪರದೆ ನಿಂತುಬಿಡುತ್ತೆ. ಇನ್ನು ಮಳೆಗಾಲದ ಥಂಡಿ: ಚಾರ್ಜಿಂಗ್ ತೂತಿನಲ್ಲಿ ತೇವ ಇರುವಾಗ ವೈರ್ ಚುಚ್ಚಿದರೆ ಪಿನ್ನು ಕಿಲುಬು ಹಿಡಿಯುತ್ತೆ. ಒಣಗಿದ ಮೇಲೇ ಚುಚ್ಚಿ.

ಪ್ರಶ್ನೆ ಕೇಳಿದವರು
ಅಪ್ಪ ಕೂತೇ ಓದೋದು, 11 ಅಂತ ಆಯಿತು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಹಳೇ ವರ್ಡ್ ಫೈಲುಗಳೂ ಇವೆ, ತೆರೆಯುತ್ತವಾ?

ಉತ್ತರ (ಹಾಸನ)
ತೆರೆಯುತ್ತವೆ, ಆದರೆ ಕನ್ನಡದ ಬದಲು ಗೋಜಲು ಅಕ್ಷರ ಬರುತ್ತೆ. ಹಳೇ ನುಡಿ ಫಾಂಟು ಯೂನಿಕೋಡ್ (ಈಗಿನ ಎಲ್ಲ ಸಾಧನಗಳೂ ಬಳಸೋ ಅಕ್ಷರ ಸಂಕೇತ) ಅಲ್ಲ. ಆ ಫಾಂಟಿರೋ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿಕೊಳ್ಳಿ, ಫಾಂಟು ಒಳಗೇ ಸೇರಿ ಸರಿಯಾಗಿ ಕಾಣುತ್ತೆ. ಹುಡುಕೋಕೆ, ಅಕ್ಷರ ದೊಡ್ಡದು ಮಾಡೋಕೆ ಬೇಕಿದ್ದರೆ ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ಒತ್ತು ಮತ್ತು ಅರ್ಕಾವತ್ತು ಇರೋ ಪದಗಳನ್ನ ಒಂದು ಸಲ ಕಣ್ಣಾಡಿಸಿ. ತಪ್ಪಿದರೆ ಅಲ್ಲೇ ತಪ್ಪಿರುತ್ತೆ.